ನಾಲ್ಕು ಬಾಟಲಿ ಸಿರಪ್ಪು, 26 ವಾರದ ಮಾತ್ರೆ

ಗುಬ್ಬಿಯ ಉಪನೋಂದಣಾಧಿಕಾರಿ ಕಚೇರಿಯ ಎದುರಿನ ಸಾಲಿನಲ್ಲಿ ಕುಳಿತು ಇಪ್ಪತ್ತೆರಡು ವರ್ಷಗಳಿಂದ ದಸ್ತಾವೇಜು ಬರೆಯುತ್ತಿದ್ದೇನೆ. ಕ್ರಯಪತ್ರವಿರಲಿ, ವಿಭಾಗಪತ್ರವಿರಲಿ, ದಿನಾಂಕ ಮತ್ತು ಚಕ್ಕುಬಂದಿ ಸರಿಯಿಲ್ಲದ ಮಾತನ್ನು ನಂಬದಿರುವುದು ಈ ಕಸುಬು ನನಗೆ ಅಂಟಿಸಿದ ಚಟ. ಆದ್ದರಿಂದ ನನ್ನ ಕಾಯಿಲೆಯ ವೃತ್ತಾಂತವನ್ನೂ ದಿನಾಂಕದಿಂದಲೇ ಆರಂಭಿಸುತ್ತೇನೆ. ಮೊದಲ ಕೆಮ್ಮು ಬಂದದ್ದು 2025ರ ಏಪ್ರಿಲ್ 6ರ ರಾತ್ರಿ. ಕಫದ ಪರೀಕ್ಷೆ ಆದದ್ದು ಜೂನ್ 23ರಂದು. ನಡುವಿನ ಹನ್ನೊಂದು ವಾರಗಳ ಲೆಕ್ಕವನ್ನು ನಾನು ಈಗಲೂ ಮನಸ್ಸಿನಲ್ಲಿ ಕೂಡಿ ಕಳೆಯುತ್ತಿರುತ್ತೇನೆ.

ಏಪ್ರಿಲ್ 6 ರಾಮನವಮಿ. ಅಂದು ಮೂರ್ನಾಲ್ಕು ಕಡೆ ಪಾನಕ ಕುಡಿದಿದ್ದೆನಾದ್ದರಿಂದ ಕೆಮ್ಮಿನ ಗೂಬೆಯನ್ನು ಪಾನಕದ ಮೇಲೆ ಕೂರಿಸಿದೆವು. ಹತ್ತು ದಿನ ಮೆಣಸಿನ ಕಷಾಯ ಕುಡಿದದ್ದಾಯಿತು. ಆಮೇಲೆ ನಮ್ಮ ಕಡೆಯವರೆಲ್ಲ ಹೋಗುವ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದೆ. ವೈದ್ಯರು ಎದೆಗೆ ಸ್ಟೆತಾಸ್ಕೋಪು ಇಟ್ಟು, ಧೂಳಿನ ಅಲರ್ಜಿಯೆಂದು ಹೇಳಿ, ಒಂದು ಬಾಟಲಿ ಸಿರಪ್ಪು ಬರೆದುಕೊಟ್ಟರು. ಹಳೆಯ ಕಡತಗಳ ನಡುವೆ ಬದುಕುವವನಿಗೆ ಧೂಳೆಂದರೆ ನಂಬದಿರಲು ಕಾರಣವೇನಿದೆ? ಮೇ ಮೊದಲ ವಾರ ಸಂಜೆ ಸಂಜೆ ಜ್ವರ ಬರತೊಡಗಿದಾಗ ಎರಡನೇ ಬಾಟಲಿಯ ಜೊತೆಗೆ ಲೆವೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಮಾತ್ರೆಯನ್ನು ಐದು ದಿನಕ್ಕೆ ಕೊಟ್ಟರು. ಜ್ವರ ಇಳಿಯಿತು, ಕೆಮ್ಮೂ ಅರ್ಧಕ್ಕೆ ಬಂತು. ‘ಡಾಕ್ಟರ ಕೈಗುಣ ಚೆನ್ನಾಗಿದೆ’ ಎಂದು ನಾನೇ ಇಬ್ಬರಿಗೆ ಶಿಫಾರಸು ಮಾಡಿದೆ. ಹತ್ತು ದಿನ ಕಳೆಯುವಷ್ಟರಲ್ಲಿ ಎಲ್ಲವೂ ಮೊದಲಿನ ಸ್ಥಿತಿಗೆ ಮರಳಿತು. ಮೂರನೆಯ ಬಾಟಲಿ, ಅದೇ ಮಾತ್ರೆ ಮತ್ತೊಮ್ಮೆ, ನಾಲ್ಕನೆಯ ಬಾಟಲಿ. ಅಷ್ಟು ಹೊತ್ತಿಗೆ 61 ಕಿಲೋ ಇದ್ದವನು 52ಕ್ಕೆ ಇಳಿದಿದ್ದೆ. ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಕೊರೆದುಕೊಂಡಿದ್ದೆ. ಕಫ ಪರೀಕ್ಷೆಯ ಮಾತನ್ನು ವೈದ್ಯರು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಕೇಳಿದವರು ನಮ್ಮ ಬೀದಿಯ ಆಶಾ ಕಾರ್ಯಕರ್ತೆ. ಅವರು ಬಂದದ್ದು ನನಗಾಗಿ ಅಲ್ಲ. ಡೆಂಗಿ ಸೊಳ್ಳೆಯ ಮರಿಗಳಿವೆಯೇ ಎಂದು ನೀರಿನ ತೊಟ್ಟಿಗೆ ಟಾರ್ಚು ಬಿಟ್ಟು ನೋಡಲು. ತೊಟ್ಟಿಯ ಬಳಿ ಬಗ್ಗಿದ್ದವರು ನನ್ನ ಕೆಮ್ಮು ಕೇಳಿ ತಲೆ ಎತ್ತಿದರು.

“ಅಣ್ಣ, ಈ ಕೆಮ್ಮು ಎಷ್ಟು ದಿನದ್ದು?”

“ಎರಡು ತಿಂಗಳ ಮೇಲಾಯ್ತೇನೋ ಕಣಮ್ಮ. ಔಷಧಿ ತಗೋತಾ ಇದೀನಿ.”

“ಎರಡು ವಾರ ದಾಟಿದ್ರೆ ಕಫ ಪರೀಕ್ಷೆ ಮಾಡಿಸಿ ಅಂತ ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದ್ದು ನಿಮಗೆ ಕೇಳಿಸಲೇ ಇಲ್ವಾ? ಅಕ್ಕ, ಇವರನ್ನ ನಾಳೆ ಆಸ್ಪತ್ರೆಗೆ ಕಳಿಸೋ ಜವಾಬ್ದಾರಿ ನಿಮ್ದು,” ಎಂದು ನನ್ನ ಹೆಂಡತಿಯ ಕಡೆ ತಿರುಗಿ, ಚೀಲದಿಂದ ಮುಚ್ಚಳವಿರುವ ಎರಡು ಪ್ಲಾಸ್ಟಿಕ್ ಡಬ್ಬಿಗಳನ್ನು ತೆಗೆದು ಕಟ್ಟೆಯ ಮೇಲಿಟ್ಟರು.

ಕಫ ಕೊಡುವುದು ಸುಲಭವೆಂದು ನಾನು ತಿಳಿದಿದ್ದೆ. ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದ ಹುಡುಗಿ ನನ್ನ ಮೊದಲ ಡಬ್ಬಿಯನ್ನು ಬೆಳಕಿಗೆ ಹಿಡಿದು ಹಾಗೇ ಕೆಳಗಿಟ್ಟಳು. “ಇದು ಎಂಜಲು ಸಾರ್, ಕಫ ಅಲ್ಲ. ಹೊರಗಡೆ ಬೇವಿನ ಮರದ ಹತ್ರ ಹೋಗಿ, ಬಾಯಿ ಮುಕ್ಕಳಿಸಿ, ಮೂರು ಸಲ ಉಸಿರು ಪೂರ್ತಿ ಒಳಗೆಳೆದು, ಮೂರನೇ ಸಲ ಹೊಟ್ಟೆಯಿಂದ ಕೆಮ್ಮಿ.” ಕಫವನ್ನು ಬಯಲಿನಲ್ಲೇ ತೆಗೆಯಬೇಕೆಂಬುದಕ್ಕೆ ಕಾರಣವಿದೆ: ಕ್ಷಯದ ರೋಗಾಣು ಹರಡುವುದು ಗಾಳಿಯಲ್ಲಿ, ಮುಚ್ಚಿದ ಕೋಣೆಯಲ್ಲಿ ಅದು ಗಂಟೆಗಟ್ಟಲೆ ತೇಲುತ್ತದೆ. ಮರದ ಬುಡದಲ್ಲಿ ನಿಂತು, ದಾರಿಹೋಕರಿಗೆ ಬೆನ್ನು ಮಾಡಿ, ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದೆ. ಡಬ್ಬಿಯ ತಳದಲ್ಲಿ ಒಂದು ಚಮಚದಷ್ಟು ಹಳದಿ ಮಿಶ್ರಿತ ಮಂದ ದ್ರವ ಬಿತ್ತು. ಅದರೊಳಗೆ ಹೊಲಿಗೆ ದಾರದಷ್ಟು ತೆಳ್ಳಗಿನ ಒಂದು ಕೆಂಪು ಎಳೆ ಇತ್ತು. ಆ ಎಳೆಯನ್ನು ಕಂಡಾಗಲೇ ಅದುವರೆಗಿನ ಧೂಳು, ಅಲರ್ಜಿ, ಪಾನಕ ಎಲ್ಲವೂ ಸುಳ್ಳೆಂದು ನನಗೆ ಖಾತ್ರಿಯಾಯಿತು. ಹುಡುಗಿ ಡಬ್ಬಿ ನೋಡಿ, “ಈಗ ಸರಿಯಾಗಿದೆ ಸಾರ್” ಎಂದಳು. ಅವಳ ಮುಖದಲ್ಲಿ ತೃಪ್ತಿ ಇತ್ತು. ಅದು ತಪ್ಪೂ ಅಲ್ಲ.

ಪರೀಕ್ಷೆ ನಡೆದದ್ದು ಟ್ರೂನ್ಯಾಟ್ ಎಂಬ ಯಂತ್ರದಲ್ಲಿ. ಗೋವಾದಲ್ಲಿ ತಯಾರಾಗುವ, ಬ್ಯಾಟರಿಯ ಮೇಲೂ ನಡೆಯುವ ಈ ಯಂತ್ರ ಕಫದಲ್ಲಿ ರೋಗಾಣುವಿನ ಡಿಎನ್ಎ ಇದೆಯೇ ಎಂದು ಹುಡುಕುತ್ತದೆ. ಇದೆಯೆಂದಾದರೆ ಇನ್ನೊಂದು ಚಿಪ್ ಹಾಕಿ, ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನೂ ಪರೀಕ್ಷಿಸುತ್ತಾರೆ. 1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಈ ರೋಗಾಣುವನ್ನು ತೋರಿಸಿದ ಮೇಲೆ ನೂರಕ್ಕೂ ಹೆಚ್ಚು ವರ್ಷ ಜಗತ್ತು ಸೂಕ್ಷ್ಮದರ್ಶಕವನ್ನೇ ನಂಬಿಕೊಂಡಿತ್ತು. ಔಷಧಿಗೆ ಬಗ್ಗದ ರೋಗಾಣುವನ್ನು ಬಗ್ಗುವುದರಿಂದ ಬೇರ್ಪಡಿಸಿ ತೋರಿಸುವ ಶಕ್ತಿ ಅದಕ್ಕಿರಲಿಲ್ಲ. ಅದೇ ಸಂಜೆ ಫೋನು ಬಂತು. ಕ್ಷಯ ಇದೆ, ರಿಫಾಂಪಿಸಿನ್‌ಗೆ ಬಗ್ಗುವುದಿಲ್ಲ, ನಾಳೆಯೇ ತುಮಕೂರಿಗೆ ಹೋಗಬೇಕು.

ಇದನ್ನು ಕೇಳಿ ನನಗೆ ಬಂದದ್ದು ಭಯಕ್ಕಿಂತ ಮೊದಲು ಸಿಟ್ಟು. ಮಾತ್ರೆಯನ್ನು ಅರ್ಧಕ್ಕೆ ಬಿಟ್ಟವರಿಗೆ ಇಂಥ ಕ್ಷಯ ಬರುತ್ತದೆಂದು ಓದಿದ್ದೆ. ನಾನು ಕ್ಷಯದ ಒಂದು ಮಾತ್ರೆಯನ್ನೂ ಜೀವಮಾನದಲ್ಲಿ ನುಂಗಿದವನಲ್ಲ. ಜಿಲ್ಲಾ ಆಸ್ಪತ್ರೆಯ ವೈದ್ಯರಿಗೆ ಇದನ್ನೇ ಸ್ವಲ್ಪ ಗಡುಸಾಗಿ ಹೇಳಿದೆ. ಅವರು ಬೇಸರಿಸಿಕೊಳ್ಳದೆ ವಿವರಿಸಿದರು: ಬೇರೆ ಯಾರದೋ ದೇಹದಲ್ಲಿ ಔಷಧಿಯನ್ನು ಎದುರಿಸುವುದನ್ನು ಕಲಿತ ರೋಗಾಣು, ಕಲಿತ ವಿದ್ಯೆಯ ಸಮೇತ ಗಾಳಿಯಲ್ಲಿ ಬಂದು ನನ್ನ ಶ್ವಾಸಕೋಶ ಸೇರಿದೆ. ನಮ್ಮ ಕಚೇರಿಯ ಮುಂದೆ ದಿನಕ್ಕೆ ನೂರು ಜನ ಬಂದು, ನನ್ನ ಮೇಜಿನ ಮೇಲೆ ಬಾಗಿ, ತಮ್ಮ ಸರ್ವೆ ನಂಬರು ಹೇಳುತ್ತಾರೆ. ಇನ್ನೊಬ್ಬರ ಸಾಲ ನನ್ನ ಖಾತೆಗೆ ವರ್ಗವಾದಂತೆ, ಯಾರಿಂದೆಂದು ತಿಳಿಯುವ ಬಗೆಯಿಲ್ಲ.

ನಾಲ್ಕು ಬಾಟಲಿ ಸಿರಪ್ಪಿನ ಕಥೆ ಕೇಳಿದ ಮೇಲೆ ಅವರು ಹೇಳಿದ ಇನ್ನೊಂದು ವಿಷಯ ನನ್ನನ್ನು ಇಂದಿಗೂ ಬಿಟ್ಟಿಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾದಾಗ, ಹಳ್ಳಿಗಾಡಿನಲ್ಲಿ ಈ ರೋಗ ಎಷ್ಟಿದೆಯೆಂದು ಮನೆಮನೆಗೆ ಹೋಗಿ ಅಳೆಯಲು ಅವರು ಆರಿಸಿಕೊಂಡದ್ದು ನಮ್ಮ ತುಮಕೂರು ಜಿಲ್ಲೆಯನ್ನೇ. ಆ ಸಮೀಕ್ಷೆಯಲ್ಲಿ ರೋಗ ಪತ್ತೆಯಾದವರನ್ನು ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ಸಂಶೋಧಕರು ಕುಳಿತು ಮಾತನಾಡಿಸಿ, 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಹಳ್ಳಿಯ ಜನ ಅಜ್ಞಾನಿಗಳು, ಕೆಮ್ಮನ್ನು ಲೆಕ್ಕಿಸುವುದಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಂದಿನ ನಂಬಿಕೆ. ಅವರು ಕಂಡದ್ದು ಬೇರೆ. ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮಗೆ ಏನೋ ಆಗಿದೆಯೆಂಬ ಅರಿವಿತ್ತು; ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ, ಒಂದು ಬಾಟಲಿ ಕೆಮ್ಮಿನ ಔಷಧಿ ಹಿಡಿದು ಮನೆಗೆ ಮರಳಿದ್ದರು.

ಆ ದಿನ ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅವರಿಗೆ ಈಗ ಎಪ್ಪತ್ತೈದು. ಚಿಕ್ಕಂದಿನಲ್ಲಿ ಜೀಪಿನ ಹಿಂದೆ ಓಡಿದ್ದು, ದೊಡ್ಡ ಗಾಡಿಯೊಂದರಲ್ಲಿ ಎದೆಯ ಫೋಟೋ ತೆಗೆಯುತ್ತಿದ್ದುದು, ಹೆಂಗಸರು ಒಳಗೆ ಹೋಗಲು ಹೆದರಿದ್ದು ಅವರಿಗೆ ನೆನಪಿದೆ. ಅದು ನಮ್ಮೂರಿನಲ್ಲೋ ಪಕ್ಕದ ಊರಿನಲ್ಲೋ ಎಂಬುದು ನೆನಪಿಲ್ಲ. ನಮ್ಮ ಜಿಲ್ಲೆಯ ಆ ಜನರಿಂದ ದೊರೆತ ತಿಳಿವಳಿಕೆಯ ಮೇಲೆ 1962ರಲ್ಲಿ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡಿತು. ಅರವತ್ತಮೂರು ವರ್ಷ ಕಳೆದ ಮೇಲೂ ಅದೇ ಜಿಲ್ಲೆಯ ನಾನು ಅದೇ ಬಾಟಲಿಯನ್ನು, ಒಂದಲ್ಲ ನಾಲ್ಕು ಸಲ, ಹಣ ಕೊಟ್ಟು ಕೊಂಡಿದ್ದೆ.

ಚಿಕಿತ್ಸೆಗೆ ಮುಂಚಿನ ತಪಾಸಣೆಗಳಿಗೆ ಒಂದು ವಾರ ಹಿಡಿಯಿತು. ಎದೆಯ ಎಕ್ಸ್‌ರೇ, ರಕ್ತದ ಎಣಿಕೆ, ಯಕೃತ್ತು, ಮೂತ್ರಪಿಂಡ, ಸಕ್ಕರೆ, ಎಚ್‌ಐವಿ. ಇವು ಎಲ್ಲರೂ ಕೇಳಿ ಬಲ್ಲವೇ. ನನಗೆ ವಿಚಿತ್ರವೆನಿಸಿದ್ದು ಎರಡು. ಒಂದು, ಶ್ವಾಸಕೋಶದ ಕಾಯಿಲೆಗೆ ಹೃದಯದ ಇಸಿಜಿ. ನನಗೆ ಕೊಡಲಿದ್ದ ಔಷಧಿಗಳಲ್ಲಿ ಬೆಡಾಕ್ವಿಲಿನ್ ಮತ್ತು ಮಾಕ್ಸಿಫ್ಲಾಕ್ಸಾಸಿನ್ ಎರಡೂ ಹೃದಯ ಒಂದು ಬಡಿತದಿಂದ ಮುಂದಿನ ಬಡಿತಕ್ಕೆ ಸಜ್ಜಾಗುವ ಸಮಯವನ್ನು ಲಂಬಿಸಬಲ್ಲವು. ಇಸಿಜಿ ಕಾಗದದಲ್ಲಿ ‘ಕ್ಯೂಟಿ’ ಎಂದು ಬರೆಯುವ ಆ ಅಳತೆ 500 ಮಿಲಿಸೆಕೆಂಡು ದಾಟಿದರೆ ಔಷಧಿಯನ್ನು ತಡೆಹಿಡಿಯಬೇಕಾಗುತ್ತದೆ. ನನ್ನದು 412 ಇತ್ತು. ಇನ್ನೊಂದು, ಕಣ್ಣಿನ ಪರೀಕ್ಷೆ. ಬಣ್ಣದ ಚುಕ್ಕಿಗಳ ನಡುವೆ ಅಂಕಿಗಳನ್ನು ಅಡಗಿಸಿದ, ಜಪಾನಿನ ವೈದ್ಯ ಇಷಿಹಾರಾ ರೂಪಿಸಿದ ಪುಸ್ತಕವನ್ನು ಮುಂದಿಟ್ಟು ಒಂದೊಂದೇ ಪುಟವನ್ನು ಓದಿಸಿದರು. ಲಿನೆಜೋಲಿಡ್ ಎಂಬ ಔಷಧಿ ಕಣ್ಣಿನ ನರಕ್ಕೆ ಪೆಟ್ಟು ಕೊಡಬಲ್ಲದು, ಕೆಂಪು ಹಸಿರುಗಳು ಮಂಕಾಗುವುದು ಅದರ ಮೊದಲ ಸುಳಿವಾಗಿರಬಹುದು. ಅಕ್ಷರವನ್ನೇ ನಂಬಿ ಅನ್ನ ತಿನ್ನುವವನು ನಾನು. ಶ್ವಾಸಕೋಶಕ್ಕಿಂತ ಕಣ್ಣಿನ ಮೇಲೆಯೇ ಆಗ ಹೆಚ್ಚು ಜೀವ ಇಟ್ಟುಕೊಂಡಿದ್ದೆ. ಆ ರಾತ್ರಿಯಿಂದ ಪ್ರತಿದಿನ ಮಲಗುವ ಮುನ್ನ ಮಗನ ಬಣ್ಣದ ಪೆನ್ಸಿಲ್ ಡಬ್ಬಿ ತೆಗೆದು ಕೆಂಪನ್ನೂ ಕಂದನ್ನೂ ಬೇರೆ ಮಾಡಿ ಇಡುವುದು ನನ್ನ ಖಾಸಗಿ ಪರೀಕ್ಷೆಯಾಯಿತು.

2025ರ ಜುಲೈ 2ರ ಬೆಳಿಗ್ಗೆ ತಿಂಡಿಯ ಮೇಲೆ ಮೊದಲ ಕಂತು. ಬೆಡಾಕ್ವಿಲಿನ್ ನಾಲ್ಕು ಮಾತ್ರೆ, ಪ್ರಿಟೊಮನಿಡ್ ಒಂದು, ಲಿನೆಜೋಲಿಡ್ ಒಂದು, ಮಾಕ್ಸಿಫ್ಲಾಕ್ಸಾಸಿನ್ ಒಂದು, ನರಗಳಿಗಾಗಿ ಬಿ6 ಒಂದು. ಎರಡು ವಾರದ ನಂತರ ಬೆಡಾಕ್ವಿಲಿನ್ ಮಾತ್ರ ವಾರಕ್ಕೆ ಮೂರು ದಿನ, ಎರಡೆರಡು ಮಾತ್ರೆ, ಉಳಿದವು ದಿನವೂ. ನಾಲ್ಕು ಔಷಧಿಗಳ ಮೊದಲಕ್ಷರ ಸೇರಿಸಿ ಆಸ್ಪತ್ರೆಯವರು ಇದನ್ನು ‘ಬಿಪಾಲ್-ಎಂ’ ಎನ್ನುತ್ತಾರೆ. ಒಟ್ಟು 26 ವಾರ. ನಮ್ಮ ತಾಲ್ಲೂಕಿನಲ್ಲಿ ಇದೇ ಕಾಯಿಲೆಗೆ ಕೆಲವು ವರ್ಷಗಳ ಹಿಂದೆ ಚಿಕಿತ್ಸೆ ಪಡೆದವರೊಬ್ಬರನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕಂಡೆ. ಅವರಿಗೆ ಇಪ್ಪತ್ತು ತಿಂಗಳು ಹಿಡಿದಿತ್ತು, ಅದರಲ್ಲಿ ಆರು ತಿಂಗಳು ದಿನಕ್ಕೊಂದು ಇಂಜೆಕ್ಷನ್. ನಾನು ಮಾತನಾಡಿದಾಗ ಅವರು ಬಲಗಿವಿಯನ್ನು ನನ್ನತ್ತ ತಿರುಗಿಸಿದರು. ಎಡಗಿವಿ ಇಂಜೆಕ್ಷನ್ನಿಗೆ ಹೋಯಿತಂತೆ.

ಈ ಮಾತ್ರೆಗಳ ಪೂರ್ವಾಪರ ತಿಳಿಯದೆ ನುಂಗಲು ನನಗೆ ಮನಸ್ಸು ಬರಲಿಲ್ಲ. ಮೂಲಪತ್ರ ನೋಡದೆ ಕ್ರಯಪತ್ರ ಬರೆದ ಹಾಗಾಗುತ್ತದೆ. ಬೆಡಾಕ್ವಿಲಿನ್ ಹುಟ್ಟಿದ್ದು ಬೆಲ್ಜಿಯಮ್ಮಿನ ಕೂನ್ ಆಂಡ್ರೀಸ್ ಮತ್ತು ಅವರ ಸಹೋದ್ಯೋಗಿಗಳ ಪ್ರಯೋಗಾಲಯದಲ್ಲಿ. ಲೋಕಕ್ಕೆ ತಿಳಿದದ್ದು 2005ರಲ್ಲಿ. ಕ್ಷಯದ ರೋಗಾಣು ಬಹಳ ನಿಧಾನವಾಗಿ ಬೆಳೆಯುವುದರಿಂದ ಅವರು ಅದರ ಸಂಬಂಧಿಯಾದ, ಬೇಗ ಬೆಳೆಯುವ ಇನ್ನೊಂದು ಬ್ಯಾಕ್ಟೀರಿಯಾದ ಮೇಲೆ ಸಾವಿರಾರು ರಾಸಾಯನಿಕಗಳನ್ನು ಪರೀಕ್ಷಿಸಿ ಇದನ್ನು ಆರಿಸಿದರು. ರೋಗಾಣು ತನಗೆ ಬೇಕಾದ ಶಕ್ತಿಯನ್ನು ತಯಾರಿಸಿಕೊಳ್ಳುವ ಚಕ್ರಕ್ಕೇ ಇದು ಕೋಲು ತೂರಿಸುತ್ತದೆ. ಹಳೆಯ ಯಾವ ಕ್ಷಯದ ಔಷಧಿಯೂ ಈ ದಾರಿ ಹಿಡಿದಿರಲಿಲ್ಲ. 2012ರ ಡಿಸೆಂಬರಿನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು, 2016ರಲ್ಲಿ ಭಾರತದ ಕೆಲವೇ ಆಸ್ಪತ್ರೆಗಳಿಗೆ ಬಂತು. ಇದರ ಪೇಟೆಂಟ್ 2023ರ ಜುಲೈನಲ್ಲಿ ಮುಗಿಯಬೇಕಿದ್ದಾಗ, ಅದನ್ನು ಮುಂದಕ್ಕೆಳೆಯಲು ಕಂಪನಿ ಸಲ್ಲಿಸಿದ್ದ ಮತ್ತೊಂದು ಅರ್ಜಿಯನ್ನು 2019ರಲ್ಲೇ ಇಬ್ಬರು ಹೆಣ್ಣುಮಕ್ಕಳು ಆಕ್ಷೇಪಿಸಿದ್ದರು: ಮುಂಬೈನ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ. ಇಬ್ಬರೂ ಕ್ಷಯದಿಂದ ಗುಣವಾದವರು, ಇಬ್ಬರೂ ಹಳೆಯ ಔಷಧಿಗಳಿಂದ ಕಿವಿ ಕಳೆದುಕೊಂಡವರು. 2023ರ ಮಾರ್ಚಿನಲ್ಲಿ ಪೇಟೆಂಟ್ ಕಚೇರಿ ಅರ್ಜಿಯನ್ನು ವಜಾ ಮಾಡಿತು. ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟೋ ತಕರಾರು ಅರ್ಜಿಗಳನ್ನು ಬರೆದಿದ್ದೇನೆ. ಈ ಒಂದು ಅರ್ಜಿಯನ್ನು ನಾನು ಬರೆದಿದ್ದರೆ ಎಂದು ಹೊಟ್ಟೆಕಿಚ್ಚು ಪಟ್ಟೆ.

ಚಿಕಿತ್ಸೆ ಶುರುವಾಗಿದ್ದರೂ ಒಂದು ಪ್ರಶ್ನೆ ಬಾಕಿ ಉಳಿದಿತ್ತು. ಕ್ಲಿನಿಕ್ಕಿನಲ್ಲಿ ಎರಡು ಸಲ ನುಂಗಿದ್ದ ಲೆವೊಫ್ಲಾಕ್ಸಾಸಿನ್, ಈಗ ಕೊಡುತ್ತಿದ್ದ ಮಾಕ್ಸಿಫ್ಲಾಕ್ಸಾಸಿನ್‌ನ ಒಡಹುಟ್ಟು. ಅದು ಕ್ಷಯದ ರೋಗಾಣುವನ್ನೂ ಸ್ವಲ್ಪಮಟ್ಟಿಗೆ ಹೊಡೆಯುತ್ತದೆ. ಅದಕ್ಕೇ ನನ್ನ ಜ್ವರ ಇಳಿದದ್ದು, ಕೈಗುಣದಿಂದಲ್ಲ. ಆದರೆ ಒಂಟಿಯಾಗಿ ಕೊಟ್ಟಾಗ ಅದು ರೋಗವನ್ನು ಮುಗಿಸುವುದಿಲ್ಲ, ಪತ್ತೆಯನ್ನು ತಡಮಾಡುತ್ತದೆ, ಕೆಲವೊಮ್ಮೆ ರೋಗಾಣುವಿಗೆ ಆ ಗುಂಪಿನ ಔಷಧಿಗಳನ್ನೆಲ್ಲ ಎದುರಿಸುವ ಪಾಠವನ್ನೂ ಕಲಿಸಿಬಿಡುತ್ತದೆ. ಹಾಗಾಗಿದ್ದರೆ ನನ್ನ ನಾಲ್ಕರಲ್ಲಿ ಒಂದು ಮಾತ್ರೆ ದಂಡ. ಇದನ್ನು ತಿಳಿಯಲು ಕಫವನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದ್ದರು. ಮೊದಲ ಡಬ್ಬಿಯ ಮುಚ್ಚಳ ದಾರಿಯಲ್ಲಿ ಸೋರಿ ಮಾದರಿ ಕೆಟ್ಟಿತು. ಎರಡನೆಯದನ್ನು ಕಳಿಸುವಷ್ಟರಲ್ಲಿ ಮತ್ತೆ ಹತ್ತು ದಿನ. ವೈದ್ಯರು, “ಫಲಿತಾಂಶ ಬರೋವರೆಗೂ ನಾಲ್ಕೂ ತಗೊಳ್ಳಿ. ಅದು ಬಗ್ಗದೇ ಇದ್ರೆ ಒಂದನ್ನ ತೆಗೆದು ಮೂರರಲ್ಲೇ ಮುಂದುವರಿಸೋಣ, ದಾರಿ ಇದೆ” ಎಂದಿದ್ದರು. ಆದರೂ ಆ ದಿನಗಳಲ್ಲಿ ಮಾಕ್ಸಿಫ್ಲಾಕ್ಸಾಸಿನ್ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡಾಗಲೆಲ್ಲ ಕ್ಲಿನಿಕ್ಕಿನ ಚೀಟಿ ಕಣ್ಣಮುಂದೆ ಬರುತ್ತಿತ್ತು. ಜುಲೈ 19ರಂದು ವರದಿ ಬಂತು: ಆ ಗುಂಪಿನ ಔಷಧಿಗಳಿಗೆ ರೋಗಾಣು ಇನ್ನೂ ಬಗ್ಗುತ್ತದೆ. ಹೆಂಡತಿ ಕ್ಯಾತಸಂದ್ರದಲ್ಲಿ ಬಸ್ಸಿಳಿಸಿ ತಟ್ಟೆ ಇಡ್ಲಿ ಕೊಡಿಸಿದಳು. ಪ್ರಿಟೊಮನಿಡ್ ತರುವ ವಾಕರಿಕೆಯಿಂದಾಗಿ ಹದಿನೇಳು ದಿನ ತಿಂಡಿಯೆಂದರೆ ಮುಖ ತಿರುಗಿಸುತ್ತಿದ್ದವನು ಅಂದು ಎರಡು ತಿಂದೆ.

ಮನೆಯವರ ಸರದಿಯೂ ಬಂತು. ಅಪ್ಪ, ಹೆಂಡತಿ, ಹದಿನಾಲ್ಕು ವರ್ಷದ ಮಗ ಮೂವರಿಗೂ ಎಕ್ಸ್‌ರೇ ತೆಗೆದರು, ಯಾರಿಗೂ ರೋಗವಿರಲಿಲ್ಲ. ಮಗನ ಕೈಗೆ ಹಾಕಿದ ಚರ್ಮದ ಪರೀಕ್ಷೆ ಮಾತ್ರ ಉಬ್ಬಿತು. ರೋಗಾಣು ಒಳಗೆ ಸೇರಿದೆ, ಮಲಗಿದೆ ಎಂದರ್ಥ. ಅದು ಏಳದಂತೆ ಆರು ತಿಂಗಳು ದಿನವೂ ಒಂದು ಔಷಧಿ ಕೊಡಬೇಕೆಂದರು. ಯಾವುದು ಎಂದು ಕೇಳಿದರೆ, ಲೆವೊಫ್ಲಾಕ್ಸಾಸಿನ್! ನಾನು ಕುರ್ಚಿಯಿಂದ ಎದ್ದೇ ನಿಂತೆ. ವೈದ್ಯರು ಕೂರಿಸಿ ಹೇಳಿದರು. ರೋಗ ಹೊತ್ತಿಕೊಂಡವರಲ್ಲಿ ಕೋಟಿಗಟ್ಟಲೆ ರೋಗಾಣುಗಳಿರುತ್ತವೆ, ಒಂದೇ ಔಷಧಿ ಕೊಟ್ಟರೆ ಕೆಲವಾದರೂ ತಪ್ಪಿಸಿಕೊಂಡು ಬೆಳೆಯುತ್ತವೆ. ಮಲಗಿರುವ ಸೋಂಕಿನಲ್ಲಿ ಅವು ಬೆರಳೆಣಿಕೆಯಷ್ಟೆಂದೇ ಹೇಳಬೇಕು, ಅಲ್ಲಿ ಒಂದೇ ಸಾಕು. ವಿಯೆಟ್ನಾಮಿನಲ್ಲಿ ಮತ್ತು ದಕ್ಷಿಣ ಆಫ್ರಿಕಾದಲ್ಲಿ ನಮ್ಮಂಥ ಮನೆಗಳ ಮೇಲೆ ನಡೆದ ಎರಡು ಪ್ರಯೋಗಗಳು 2024ರಲ್ಲಿ ಪ್ರಕಟವಾದವು. ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಲೆವೊಫ್ಲಾಕ್ಸಾಸಿನ್ ಪಡೆದವರಲ್ಲಿ ಕ್ಷಯ ಬರುವ ಸಾಧ್ಯತೆ ಶೇ 60ರಷ್ಟು ತಗ್ಗಿತ್ತು. ಅದನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಎಕ್ಸ್‌ರೇ ತೆಗೆಯದೆ ಐದು ದಿನ ಕೊಟ್ಟರೆ ತಪ್ಪು, ತೆಗೆದು ನೋಡಿ ಆರು ತಿಂಗಳು ಕೊಟ್ಟರೆ ಸರಿ; ಮಾತ್ರೆ ಒಂದೇ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ರಾತ್ರಿ ಬೇಕಾಯಿತು. ಆಮೇಲೆ ಅಪ್ಪ ಮಗ ಇಬ್ಬರೂ ಬೆಳಿಗ್ಗೆ ಎಂಟು ಗಂಟೆಗೆ ಒಟ್ಟಿಗೆ ಕುಳಿತು ನಮ್ಮ ನಮ್ಮ ಮಾತ್ರೆ ನುಂಗುವುದು ಪದ್ಧತಿಯಾಯಿತು. ಹೊಟ್ಟೆಯುರಿಗೆ ಕುಡಿಯುವ ಗುಲಾಬಿ ಬಣ್ಣದ ಔಷಧಿಯನ್ನಾಗಲಿ ಕಬ್ಬಿಣಾಂಶದ ಮಾತ್ರೆಯನ್ನಾಗಲಿ ಆ ಹೊತ್ತಿನ ಹತ್ತಿರ ಸುಳಿಯಗೊಡಬಾರದು, ಇಬ್ಬರ ಮಾತ್ರೆಯನ್ನೂ ಅವು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ ಎಂಬುದನ್ನು ಮಗನೇ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ.

ಎರಡನೇ ತಿಂಗಳಲ್ಲಿ ಹಿಮೋಗ್ಲೋಬಿನ್ 12ರಿಂದ 9.6ಕ್ಕೆ ಇಳಿಯಿತು, ಕ್ಯೂಟಿ 448ಕ್ಕೆ ಏರಿತು. ಎರಡೂ ತಾವಾಗಿಯೇ ನಿಂತವು. ನಿಲ್ಲದೇ ಹೋದದ್ದು ಪಾದಗಳ ಜೋಮು. ಅಕ್ಟೋಬರ್ ಕೊನೆಯಲ್ಲಿ ಒಂದು ಸಂಜೆ ಕಚೇರಿಯಿಂದ ಮನೆಗೆ ನಡೆದು ಬಂದಾಗ ಮಗ, “ಅಪ್ಪಾ, ಒಂದು ಚಪ್ಪಲಿ ಎಲ್ಲಿ?” ಎಂದ. ನೋಡಿಕೊಂಡರೆ ಎಡಗಾಲು ಬರಿಗಾಲು. ಹಿಂದಕ್ಕೆ ಹುಡುಕುತ್ತ ಹೋದರೆ ಚಪ್ಪಲಿ ಸಿಕ್ಕಿದ್ದು ಇನ್ನೂರು ಹೆಜ್ಜೆ ಆಚೆ, ಚರಂಡಿಯ ಚಪ್ಪಡಿಯ ಮೇಲೆ. ಅದು ಯಾವಾಗ ಕಳಚಿತೆಂಬುದು ಕಾಲಿಗೆ ತಿಳಿದೇ ಇರಲಿಲ್ಲ. ಜಲ್ಲಿಕಲ್ಲಿನ ಮೇಲೆ ನಡೆದು ಬಂದಿದ್ದೆ, ಹಿಮ್ಮಡಿಯಲ್ಲಿ ರಕ್ತ ಒಸರುತ್ತಿತ್ತು.

ಮರುದಿನ ತುಮಕೂರಿನಲ್ಲಿ ವೈದ್ಯರು ಕಂಪಿಸುವ ಕವಲುಕೋಲನ್ನು ಹೆಬ್ಬೆರಳಿಗೆ ಒತ್ತಿ, “ನಡುಗುತ್ತಾ?” ಎಂದು ಕೇಳುತ್ತ ಹೋದರು. ಬಲಗಾಲಿನಲ್ಲಿ ಸ್ವಲ್ಪ, ಎಡಗಾಲಿನಲ್ಲಿ ಏನೂ ಇಲ್ಲ. ಲಿನೆಜೋಲಿಡ್ಡನ್ನು 600 ಮಿಲಿಗ್ರಾಮಿನಿಂದ 300ಕ್ಕೆ ಇಳಿಸಿದರು. ಹಾಗೆ ಇಳಿಸಬಹುದೆಂಬ ಧೈರ್ಯ ಬಂದದ್ದು ಎಲ್ಲಿಂದ ಎಂದು ಕೇಳಿದೆ. ದಕ್ಷಿಣ ಆಫ್ರಿಕಾದಲ್ಲಿ ಈ ಔಷಧಿಗಳಲ್ಲಿ ಮೂರನ್ನು ಸೇರಿಸಿ ಮೊದಲು ಕೊಟ್ಟದ್ದು, ಬೇರೆ ದಾರಿ ಬಹುತೇಕ ಮುಚ್ಚಿಹೋಗಿದ್ದ 109 ರೋಗಿಗಳಿಗೆ. ಅವರಲ್ಲಿ ಶೇ 90ರಷ್ಟು ಮಂದಿಯಲ್ಲಿ ಫಲ ಒಳ್ಳೆಯದಾಯಿತು. ಆದರೆ ಅವರಿಗೆ ಕೊಟ್ಟ ಲಿನೆಜೋಲಿಡ್ ದಿನಕ್ಕೆ 1,200 ಮಿಲಿಗ್ರಾಮ್, ಶೇ 81ರಷ್ಟು ಮಂದಿಗೆ ಕೈಕಾಲಿನ ನರ ಜೋಮು ಹಿಡಿಯಿತು. ಆಮೇಲೆ ದಕ್ಷಿಣ ಆಫ್ರಿಕಾ, ರಷ್ಯಾ, ಜಾರ್ಜಿಯಾ, ಮಾಲ್ಡೋವಾಗಳ 181 ಮಂದಿಯ ಮೇಲೆ ಪ್ರಮಾಣವನ್ನೂ ಅವಧಿಯನ್ನೂ ಬೇರೆ ಬೇರೆ ಮಾಡಿ ನೋಡಿದಾಗ, 600 ಮಿಲಿಗ್ರಾಮನ್ನು 26 ವಾರ ಕೊಟ್ಟವರಲ್ಲಿ ಗುಣ ಶೇ 91 ಇತ್ತು, ಜೋಮು ಶೇ 24ಕ್ಕೆ ಇಳಿದಿತ್ತು. ಆ 24ರ ಪಾಲಿಗೆ ನಾನು ಬಿದ್ದಿದ್ದೆ. ವೈದ್ಯಕೀಯ ವರದಿಯಲ್ಲಿ ಶೇಕಡಾವಾರಾಗಿ ಕಾಣುವ ಪ್ರತಿಯೊಂದು ಅಂಕಿಯ ಹಿಂದೆಯೂ ಚಪ್ಪಲಿ ಕಳೆದುಕೊಂಡ ಯಾರೋ ಒಬ್ಬರಿದ್ದಾರೆ. ಅವರು ಕಳೆದುಕೊಂಡದ್ದನ್ನು ಬರೆದಿಟ್ಟಿದ್ದರಿಂದ ನನ್ನ ಮಾತ್ರೆ ಅರ್ಧವಾಯಿತು.

ಹಣದ ಮಾತು ಬೇಗ ಮುಗಿಯುತ್ತದೆ. ಮಾತ್ರೆಗೆ, ಪರೀಕ್ಷೆಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬಂತು; 2024ರ ನವೆಂಬರಿಗೆ ಮುಂಚೆ ಅದು 500 ಇತ್ತಂತೆ. ಮೊಟ್ಟೆ, ಕಡಲೆಕಾಯಿ, ಮುದ್ದೆಗೆ ಹುರುಳಿಕಾಳಿನ ಬಸ್ಸಾರು. ಆಶಾ ಕಾರ್ಯಕರ್ತೆ ಪ್ರತಿವಾರ ತಕ್ಕಡಿ ತಂದು ತೂಗಿಸುತ್ತಿದ್ದರು. ಜಾರ್ಖಂಡದಲ್ಲಿ ರೋಗಿಗಳ ಮನೆಮಂದಿಗೂ ಪಡಿತರ ಕೊಟ್ಟು ನಡೆಸಿದ ಅಧ್ಯಯನದಲ್ಲಿ ಆ ಮನೆಗಳ ಹೊಸ ಕ್ಷಯ ಶೇ 39ರಷ್ಟು ಕಡಿಮೆಯಾಗಿತ್ತೆಂದು 2023ರಲ್ಲಿ ವರದಿಯಾಗಿದೆ. ಅನ್ನವೂ ಔಷಧಿಯೆಂಬುದಕ್ಕೆ ಇಷ್ಟು ಶ್ರಮಪಟ್ಟು ಪುರಾವೆ ಒದಗಿಸಬೇಕಾಯಿತಲ್ಲ ಎಂದು ಅಪ್ಪನಿಗೆ ಆಶ್ಚರ್ಯ. ಜನರ ಮಾತು? ಚಹಾದ ಅಂಗಡಿಯಲ್ಲಿ ಒಂದು ತಿಂಗಳು ನನಗೆ ಕಾಗದದ ಲೋಟ ಬಂತು. ಎರಡನೇ ತಿಂಗಳ ಕಫದ ಕಲ್ಚರಿನಲ್ಲಿ ರೋಗಾಣು ಬೆಳೆಯಲಿಲ್ಲವೆಂಬ ವರದಿಯನ್ನು ಅಂಗಡಿಯವನ ಮುಂದೆ ಓದಿದ ಮೇಲೆ ಗಾಜಿನ ಲೋಟ ಮರಳಿತು.

ಡಿಸೆಂಬರ್ 30ರಂದು ಕೊನೆಯ ಕಂತು ನುಂಗಿದೆ. ತೂಕ 59. ಮಾರನೇ ವಾರ ಕ್ಲಿನಿಕ್ಕಿಗೆ ಹೋಗಿ, ಸರದಿಯಲ್ಲಿ ಕುಳಿತು, ಫೀಸನ್ನೂ ಕೊಟ್ಟು, ನನ್ನ ಕಡತವನ್ನು ವೈದ್ಯರ ಮೇಜಿನ ಮೇಲಿಟ್ಟೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಟ್ರೂನ್ಯಾಟ್ ವರದಿಯ ದಿನಾಂಕವನ್ನೂ ತಮ್ಮ ಚೀಟಿಗಳ ದಿನಾಂಕವನ್ನೂ ಎರಡೆರಡು ಸಲ ನೋಡಿದರು. “ದಿನಕ್ಕೆ ಎಂಬತ್ತು ಜನ ಕೆಮ್ಮುತ್ತಾ ಬರ್ತಾರೆ,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆ ಡಬ್ಬಿಗಳು ಎಲ್ಲಿ ಸಿಗುತ್ವೆ?” ಎಂದು ಕೇಳಿದರು. ಆಶಾ ಕಾರ್ಯಕರ್ತೆಯ ನಂಬರು ಬರೆದುಕೊಟ್ಟು ಬಂದೆ. ಅವರು ಫೋನು ಮಾಡಿದರೋ ಇಲ್ಲವೋ ನಾನು ವಿಚಾರಿಸಿಲ್ಲ. ವಿಚಾರಿಸಬೇಕೆಂದು ಎರಡು ಸಲ ಅಂದುಕೊಂಡು ಸುಮ್ಮನಾಗಿದ್ದೇನೆ.

ಕೊನೆಯ ಕಫದ ಕಲ್ಚರ್ ವರದಿ ಫೆಬ್ರವರಿಯಲ್ಲಿ ಬಂತು, ಬೆಳವಣಿಗೆ ಇಲ್ಲ. ಮಗನ ಮಾತ್ರೆಯೂ ಅದೇ ತಿಂಗಳು ಮುಗಿಯಿತು. ರೋಗ ಮರಳಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಜೂನ್ ಕೊನೆಗೆ ಒಮ್ಮೆ, ವರ್ಷ ತುಂಬಿದಾಗ ಮತ್ತೊಮ್ಮೆ ಡಬ್ಬಿ ಕೊಡಬೇಕು. ಬಲಗಾಲು ಮೊದಲಿನಂತಾಗಿದೆ. ಎಡಗಾಲಿನ ಎರಡು ಬೆರಳುಗಳಲ್ಲಿ ಇನ್ನೂ ಸ್ಪರ್ಶವಿಲ್ಲ, ಆದ್ದರಿಂದ ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡು ಕಚೇರಿಗೆ ಹೋಗುತ್ತಿದ್ದೇನೆ.